ಮೂರನೇ ಗೋಡೆ ಯಾರದ್ದು?

ನಂಬಿಕಸ್ತ ವಸ್ತು ಬೇಕು ಅಂದಾಗ ಯಾರನ್ನೂ ನಂಬದ ಮನುಷ್ಯನನ್ನು ಅಂಗಡಿಗೆ ಕಳಿಸಬಾರದು. ಇಷ್ಟು ವಿವೇಕ ನಮ್ಮ ಅಕ್ಕನಿಗೆ ಇದ್ದಿದ್ದರೆ, ಕನ್ನಡಕದ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಬದುಕುತ್ತಿರುವ ನಾನು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಅಕ್ಕನನ್ನು ಅಂದು ಏನು ಪ್ರಯೋಜನ? ಕಳಿಸಲು ಆಕೆಗೆ ಇರುವುದು ಒಬ್ಬನೇ ಗಂಡ.

ಆ ಗಂಡ, ಅಂದರೆ ನಮ್ಮ ಭಾವ, ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಎಣ್ಣೆ, ವಾರ್ನಿಶ್, ಥಿನ್ನರ್ ಎಲ್ಲ ಡ್ರಮ್ಮುಗಟ್ಟಲೆ ಅವರ ಕಾವಲಿನಲ್ಲಿರುತ್ತವೆ. ಥಿನ್ನರ್ ಅನ್ನುವುದು ಮುಚ್ಚಳ ತುಸು ಸಡಿಲವಾದರೂ ತಾನಾಗಿ ಆವಿಯಾಗಿ ಹೋಗುವ ಪದಾರ್ಥ. ಇದನ್ನು ಇಡೀ ಕಾರ್ಖಾನೆ ಒಪ್ಪಿಕೊಂಡಿದೆ, ನಮ್ಮ ಭಾವ ಒಪ್ಪಿಲ್ಲ. "ಆವಿ ಆಯ್ತು, ಸರಿ. ಆವಿ ಯಾರ ಮನೆಗೆ ಹೋಯ್ತು?" ಎಂದು ಕೇಳುತ್ತಾರೆ. ಸೋರಿಕೆ ಅವರ ಜನ್ಮಶತ್ರು. ಅವರ ಮನೆಯಲ್ಲಿ ಕೊಡೆಯೂ ಬೀಗದೊಳಗೇ ಇರುತ್ತದೆ. ಕೀಲಿ ಹುಡುಕಿ ತೆಗೆಯುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಂದಿರುತ್ತದೆ.

ಅಕ್ಕ ಹೊಲಿಗೆಯವಳು. ವರ್ಷಗಟ್ಟಲೆ ಬೇರೆಯವರ ಅಂಗಡಿಗೆ ಅಂಗಿಯ ತೋಳು, ಕಾಲರ್ ಕತ್ತರಿಸಿಕೊಟ್ಟವಳು. ಅಂಗಿ ಹಾಕಿಕೊಂಡವರು ಅಂಗಡಿಯವನನ್ನು ಹೊಗಳುತ್ತಿದ್ದರು, ಅಕ್ಕನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಅಂಥವಳಿಗೆ ಒಂದು ಹೊಲಿಗೆ ಶಾಲೆಯವರು ಹೇಳಿಕಳಿಸಿದರು. ಆನ್‌ಲೈನಿನಲ್ಲಿ ಕಟಿಂಗ್ ಕಲಿಸಬೇಕು. ಮೊದಲು ಒಂದು ಕ್ಲಾಸು ಮಾಡಿ ತೋರಿಸಬೇಕು. ಶಾಲೆಯ ಮೇಡಂಗೆ ಹಿಡಿಸಿದರೆ ಕೆಲಸ ಖಾಯಂ. ಆ ಕೆಲಸ ಬೇಕೇ ಬೇಕು ಅಂತ ಅಕ್ಕ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ನಾನು ಹೋದಾಗಲೆಲ್ಲ ಖಾಲಿ ಕುರ್ಚಿಗಳನ್ನು ಸಾಲಾಗಿ ಇಟ್ಟುಕೊಂಡು ಅವಕ್ಕೆ ಪಾಠ ಹೇಳುತ್ತಿದ್ದಳು. ಕುರ್ಚಿಗಳು ಒಳ್ಳೆಯ ವಿದ್ಯಾರ್ಥಿಗಳು, ಯಾವುದೂ ನಡುವೆ ಮಾತಾಡಲಿಲ್ಲ.

ಮೊದಲ ಕ್ಲಾಸು ಮಾತ್ರ ಮಣ್ಣುಪಾಲಾಯಿತು. ಟ್ಯಾಬಿನ ಮುಂದೆ ಬಟ್ಟೆ ಹರಡಿಕೊಂಡು ಅಕ್ಕ ಮೊದಲು ಕಾಲರಿನ ಜಾಗ ತೋರಿಸಿದಳು, ಆಮೇಲೆ ತೋಳಿಗೆ ಬಂದಳು. ಆದರೆ ನೆಟ್ ಲೈನಿನವರು ಯಾವ ಕಾಲದಲ್ಲೋ ಕೊಟ್ಟಿದ್ದ ಹಳೆಯ ರೌಟರ್ ಅಷ್ಟರಲ್ಲಿ ಉಸಿರು ಬಿಟ್ಟಿತ್ತು. ಅತ್ತ ಕಡೆ ಚಿತ್ರದಲ್ಲಿ ಅಕ್ಕನ ಬೆರಳು ಕಾಲರಿನ ಮೇಲೆಯೇ ನಿಂತುಬಿಟ್ಟಿತ್ತು. ದನಿ ಮಾತ್ರ ಮುಂದೆ ಹೋಗಿ, "ಈಗ ಧೈರ್ಯವಾಗಿ ಇಲ್ಲಿ ಕತ್ತರಿಸಿ" ಅಂದಿತು. ಕಲಿಯಲು ಕೂತಿದ್ದ ಹೆಂಗಸರೆಲ್ಲ ಧೈರ್ಯವಾಗಿ ಕತ್ತರಿಸಿದರು. ಒಬ್ಬರ ಅಂಗಿಗೂ ಕಾಲರ್ ಉಳಿಯಲಿಲ್ಲ.

ಮೇಡಂ ಒಳ್ಳೆಯವರು. "ನಿಮ್ಮ ಪಾಠದಲ್ಲಿ ತಪ್ಪಿಲ್ಲಮ್ಮ, ನಿಮ್ಮ ನೆಟ್ಟಲ್ಲಿ ಇದೆ. ಒಂದು ಒಳ್ಳೇ ರೌಟರ್ ಹಾಕಿಸ್ಕೊಂಡು ಇನ್ನೊಂದ್ಸಲ ಮಾಡಿ. ಆಗ್ಲೂ ಹೀಗೇ ನಿಂತುಹೋದ್ರೆ ನಾವು ಬೇರೆಯವರನ್ನ ನೋಡ್ಕೋಬೇಕಾಗುತ್ತೆ" ಅಂದರು. ಅಕ್ಕ ಬಂದು ಭಾವನಿಗೆ ಹೇಳಿದ್ದು ಇಷ್ಟೇ: "ರೀ, ಒಂದು ನಂಬಿಕಸ್ತ ರೌಟರ್ ತಂದುಕೊಡಿ."

ಅಲ್ಲಿಗೆ ಭಾವನ ತನಿಖೆ ಶುರುವಾಯಿತು. ಮೊದಲು ಫೋನಿನಲ್ಲಿ ಜನ ಬರೆದ ಅಭಿಪ್ರಾಯಗಳನ್ನೆಲ್ಲ ಓದಿದರು. ಸಂಜೆ ಕಾರ್ಖಾನೆಯಿಂದ ಬಂದು ಕೂತರೆ ಊಟಕ್ಕೆ ಕರೆಯುವವರೆಗೂ ಅದೇ. ಅಕ್ಕನ ಟ್ಯಾಬಿನಲ್ಲಿ ಚಿತ್ರ ಕಲ್ಲಾಗಿ ನಿಂತಿದ್ದಾಗಲೂ ಭಾವನ ಫೋನಿನಲ್ಲಿ ಎಲ್ಲ ಸರಾಗವಾಗಿ ಬರುತ್ತಿತ್ತು. "ಫೋನ್ ಇಟ್ಕೊಳ್ಳೋ ರೀತೀಲಿ ಇದೆ" ಎನ್ನುತ್ತಿದ್ದರು. ಓದಿ ಓದಿ ಅವರು ಕಂಡುಕೊಂಡ ಸತ್ಯ ಹೀಗಿತ್ತು.

"ನೋಡಯ್ಯ, ಚೆನ್ನಾಗಿದೆ ಅಂತ ಬರೆದವನು ಆ ಕಂಪನಿಯವನು. ಚೆನ್ನಾಗಿಲ್ಲ ಅಂತ ಬರೆದವನು ಎದುರು ಕಂಪನಿಯವನು."

"ಪರವಾಗಿಲ್ಲ ಅಂತ ಬರೆದವರೂ ಇದ್ದಾರಲ್ಲ ಭಾವ?"

"ಅವರು ಇಬ್ಬರ ಹತ್ರಾನೂ ತಿಂದವರು."

ಹೀಗೆ ಲೋಕದ ಸಮಸ್ತ ರೌಟರುಗಳೂ ಅನರ್ಹವಾದವು. ಇತ್ತ ಅಕ್ಕನ ಎರಡನೇ ಕ್ಲಾಸಿನ ದಿನ ಹತ್ತಿರ ಬಂತು. ಅಕ್ಕ ನನಗೆ ಫೋನು ಮಾಡಿ, "ಲೋ, ನೀನಾದ್ರೂ ಅವರ ಜೊತೆ ಹೋಗಿ ಯಾವುದೋ ಒಂದು ಕೊಡಿಸಿ ಕಳಿಸೋ" ಅಂದಳು. ನಾನು ಹೋದೆ. ಹೋಗುವ ದಾರಿಯಲ್ಲೇ ಭಾವ, "ಈ ಅಂಗಡಿ ನಿಂಗೆ ಹೇಗೆ ಗೊತ್ತು?" ಎಂದು ಕೇಳಿದರು. ನನ್ನ ಅಂಗಡಿಯ ಎದುರಿಗೇ ಇದೆ ಅಂದೆ. "ಎದುರಿಗೇ ಇದೆಯಾ" ಅಂದು ಸುಮ್ಮನಾದರು. ಆ ಸುಮ್ಮನಿರುವಿಕೆಯಲ್ಲಿ ನಾನು ಕಮಿಷನ್ ತಿಂದು ಕೈ ತೊಳೆದುಕೊಂಡಾಗಿತ್ತು.

ಅಂಗಡಿಯವನು ದಪ್ಪ ಮೀಸೆಯ, ನಗುಮುಖದ ಮನುಷ್ಯ. ಮುಂದಿನ ಗಾಜಿನ ಕಪಾಟಿನಿಂದ ಒಂದು ಡಬ್ಬಿ ತೆಗೆದ. ಭಾವ, "ತೋರಿಕೆಗೆ ಇಟ್ಟಿರೋದು ಬೇಡ, ಒಳಗಿಂದ ತೆಗೀರಿ" ಅಂದರು. ಅವನು ಒಳಗಿನಿಂದ ತಂದ. "ಇದನ್ಯಾಕೆ ಒಳಗೆ ಬಚ್ಚಿಟ್ಟಿದ್ರಿ?" ಅಂದರು. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಅಂಗೈಯಲ್ಲಿ ತೂಗಿ ನೋಡಿದರು.

"ಹಗುರ ಇದೆಯಲ್ರೀ."

"ಒಳಗೆ ಇರೋದೇ ಅಷ್ಟು ಸಾರ್. ಮೂರು ವರ್ಷ ವಾರಂಟಿ ಇದೆ."

"ಅಂದ್ರೆ ಕೆಡುತ್ತೆ ಅಂತ ನಿಮಗೂ ಗೊತ್ತು."

"ಹಾಗಾದ್ರೆ ಇದು ನೋಡಿ ಸಾರ್, ಇದಕ್ಕೆ ವಾರಂಟಿ ಇಲ್ಲ."

"ಅಂದ್ರೆ ನಿಮಗೇ ಇದರ ಮೇಲೆ ನಂಬಿಕೆ ಇಲ್ಲ."

ಮೀಸೆಯವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಕೊನೆಗೆ ಅವನು ವ್ಯಾಪಾರಿಗಳ ಬ್ರಹ್ಮಾಸ್ತ್ರ ಬಿಟ್ಟ. "ಬೇರೆ ಮಾತು ಬೇಡ ಸಾರ್. ನಮ್ಮನೇಲಿ ಹಾಕಿರೋದೂ ಇದೇ."

"ಫೋನ್ ಹಚ್ಚಿ" ಅಂದರು ಭಾವ.

"ಯಾರಿಗೆ ಸಾರ್?"

"ನಿಮ್ಮನೆಗೆ. ಜೋರಾಗಿ ಕೇಳೋ ಹಾಗೆ ಇಡಿ."

ಇಂಥ ಗಿರಾಕಿಯನ್ನು ಆತ ಜನ್ಮದಲ್ಲಿ ಕಂಡಿರಲಿಲ್ಲ. ಧೈರ್ಯ ಮಾಡಿ ಹೆಂಡತಿಗೆ ಫೋನು ಹಚ್ಚಿದ. "ನಮ್ಮನೇಲಿ ಇರೋ ರೌಟರ್ ಹೇಗಿದೆ ಅಂತ ಸ್ವಲ್ಪ ಇವರಿಗೆ ಹೇಳು" ಅಂದ. ಆ ಕಡೆಯಿಂದ ಆಕೆ, "ಯಾವ ರೌಟರ್? ಕೆಟ್ಟು ಕೂತು ಎಷ್ಟು ಕಾಲ ಆಯ್ತು. ತಂದುಕೊಡಿ ತಂದುಕೊಡಿ ಅಂತ ಬಾಯಿ ಬಡ್ಕೊಂಡ್ರೆ ಕಿವಿಗೆ ಹಾಕ್ಕೊಂಡ್ರಾ?" ಅಂದಳು. ಮೀಸೆ ಎರಡೂ ಕಡೆ ಇಳಿಯಿತು.

ಭಾವನ ಮುಖದಲ್ಲಿ ಮಾತ್ರ ಬೆಳಕು ಬಂತು. ಇಷ್ಟು ದಿನದ ತನಿಖೆಯಲ್ಲಿ ನಿಜ ಹೇಳುವ ಸಾಕ್ಷಿ ಸಿಕ್ಕಿದ್ದು ಇದೇ ಮೊದಲು. ಫೋನಿನ ಹತ್ತಿರ ಬಾಗಿ ಬಹಳ ಗೌರವದಿಂದ, "ತಾಯೀ, ನಾನು ಯಾವುದು ತಗೋಬೇಕು, ನೀವೇ ಹೇಳಿ" ಅಂದರು.

"ನಂಗೇನು ಗೊತ್ತಪ್ಪ. ಅಂಗಡೀಲಿ ಖರ್ಚಾಗದೆ ಉಳಿದಿದ್ದನ್ನ ಇವರು ಮನೆಗೆ ತರ್ತಾರೆ. ನೀವು ಖರ್ಚಾಗೋದನ್ನ ತಗೊಳ್ಳಿ."

ಇದಕ್ಕಿಂತ ಒಳ್ಳೆಯ ಮಾತನ್ನು ರೌಟರಿನ ಬಗ್ಗೆ ನಾನು ಇನ್ನೂ ಕೇಳಿಲ್ಲ. ಹೆಚ್ಚು ಖರ್ಚಾಗುವ, ನಾಲ್ಕು ಕೊಂಬಿನ ರೌಟರ್ ಮೇಜಿನ ಮೇಲೆ ಬಂತು. ವ್ಯಾಪಾರ ಮುಗಿಯಿತು. ಮೀಸೆಯವನು ಚೀಲಕ್ಕೆ ಹಾಕುತ್ತ, ಹೋದ ಮಾನ ಸ್ವಲ್ಪವಾದರೂ ವಾಪಸು ಬರಲಿ ಅಂತ, ಒಂದು ಮಾತು ಸೇರಿಸಿದ. "ಭಾರೀ ಪವರ್ ಸಾರ್ ಇದಕ್ಕೆ. ಮೂರು ಗೋಡೆ ದಾಟಿ ಹೋಗುತ್ತೆ."

ಭಾವನ ಕೈ ಚೀಲದ ಮೇಲೆಯೇ ನಿಂತಿತು.

"ನಮ್ಮನೇಲಿ ಇರೋದು ಎರಡು ಗೋಡೆ. ಮೂರನೇದು ಯಾರದ್ದು?"

ಉತ್ತರ ಭಾವನ ಹತ್ತಿರವೇ ಇತ್ತು. ಮೂರನೇ ಗೋಡೆಯ ಆಚೆ ಇರುವುದು ಬ್ಯಾಂಡ್ ಮೇಷ್ಟ್ರ ಮನೆ.

ಬ್ಯಾಂಡ್ ಮೇಷ್ಟ್ರು ಎಂದರೆ ಹಿಂದೆ ಪೊಲೀಸ್ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದು ಈಗ ನಿವೃತ್ತರಾಗಿರುವ ಒಂಟಿ ಮನುಷ್ಯ. ಅಭ್ಯಾಸ ತಪ್ಪಬಾರದು ಅಂತ ದಿನಾ ಸಂಜೆ ಸ್ವಲ್ಪ ಹೊತ್ತು ಊದುತ್ತಾರೆ. ನಾವು ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಎದುರಾಗಿ, "ಹೊಸ ರೌಟರಾ? ಒಳ್ಳೇದಾಯ್ತು ಬಿಡಿ" ಅಂದರು. ಚೀಲದಿಂದ ನಾಲ್ಕು ಕೊಂಬಿನ ಚಿತ್ರದ ಡಬ್ಬಿ ಅರ್ಧ ಹೊರಗೆ ಇಣುಕುತ್ತಿತ್ತು. ಭಾವನಿಗೆ ಅದು ಕಾಣಲಿಲ್ಲ. ಮನೆಯೊಳಗೆ ಬಂದು ಬಾಗಿಲು ಹಾಕಿ, "ಕೇಳಿದ್ಯಾ? ಒಳ್ಳೇದಾಯ್ತಂತೆ. ಯಾರಿಗೆ ಒಳ್ಳೇದಾಯ್ತು?" ಅಂದರು.

"ಪಾಸ್‌ವರ್ಡ್ ಇರುತ್ತಲ್ಲ ಭಾವ" ಅಂದೆ.

"ಡ್ರಮ್ಮಿಗೆ ಮುಚ್ಚಳ ಇರಲ್ವಾ? ಆದ್ರೂ ಜಿನುಗಲ್ವಾ? ಕಣ್ಣಿಗೆ ಕಾಣೋ ಮಾಲು ಎಷ್ಟೋ ವಾಸಿ ಕಣಯ್ಯ. ಕಾಣದ್ದೇ ಹೆಚ್ಚು ಸೋರೋದು."

ನಾನು ನಮ್ಮ ಮನೆಗೆ ಬಂದೆ. ಆಮೇಲೆ ಅಲ್ಲಿ ನಡೆದದ್ದು ನನಗೆ ತಿಳಿದದ್ದು ತಡವಾಗಿ, ಆದರೂ ಓದುವವರಿಗೆ ಈಗಲೇ ಹೇಳಿಬಿಡುವುದು ನ್ಯಾಯ. ಭಾವ ರೌಟರನ್ನು ಮಲಗುವ ಕೋಣೆಯ ಕಬ್ಬಿಣದ ಬೀರುವಿನೊಳಗೆ ಇಟ್ಟರು. ಹಿಂಭಾಗದ ತಗಡಿಗೆ ತೂತು ಕೊರೆದು ವೈರು ಒಳಗೆ ಎಳೆದರು. ಅವರ ಸ್ಟೋರಿನಲ್ಲಿ ಸೋರುವ ಪದಾರ್ಥವನ್ನೆಲ್ಲ ಕಬ್ಬಿಣದ ಒಳಗೇ ಇಡುವುದು, ಅದು ಅವರ ಕಸುಬಿನ ಮೊದಲ ಪಾಠ.

ಅಕ್ಕ, "ಬೀರು ಒಳಗಿಟ್ರೆ ಬರುತ್ತಾ ರೀ?" ಎಂದು ಕೇಳಿದ್ದಾಳೆ.

"ಮೂರು ಗೋಡೆ ದಾಟೋದಕ್ಕೆ ಒಂದು ತಗಡು ಯಾವ ಲೆಕ್ಕ? ಬೀರು ಒಂದು, ನಮ್ಮ ಗೋಡೆ ಎರಡು, ಅಲ್ಲಿಗೆ ಮೂರು ಮುಗೀತು. ನಮ್ಮನೆ ಪೂರ್ತಿ ಸಿಗುತ್ತೆ, ಆಚೆಗೆ ಒಂದು ತೊಟ್ಟೂ ಹೋಗಲ್ಲ."

ಕೊಡೆಯನ್ನೂ ಬೀಗದೊಳಗೆ ಇಡುವ ಮನೆಯಲ್ಲಿ ಯಾವ ವಸ್ತು ಬೀರು ಸೇರಿದರೂ ಹೆಂಡತಿಯಾದವಳು ಆಶ್ಚರ್ಯಪಡುವುದಿಲ್ಲ. ಅಕ್ಕ ಒಂದೇ ಷರತ್ತು ಹಾಕಿದಳು: ಬೀರುವಿನಲ್ಲಿ ಅವಳ ಬಟ್ಟೆಯ ತುಂಡುಗಳಿದ್ದವು, ಹಗಲು ಹೊತ್ತು ಬಾಗಿಲು ತೆರೆದಿರಬೇಕು. ಭಾವ ಒಪ್ಪಿದರು. ಹಗಲು ಅಕ್ಕನದು, ಸಂಜೆ ಮನೆಗೆ ಬಂದ ಮೇಲೆ ಬೀಗ ಮತ್ತು ಕೀಲಿ ಭಾವನದು.

ಇದರ ಫಲ ಏನಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲೆಲ್ಲ ನೆಟ್ ಹೊಳೆಯಾಗಿ ಹರಿಯಿತು. ಸಂಜೆ ಭಾವ ಬಂದು ಬೀರು ಮುಚ್ಚಿದರೆ ಟ್ಯಾಬು ತಣ್ಣಗಾಗುತ್ತಿತ್ತು. ಅಕ್ಕ ಮುಗ್ಧವಾಗಿ, "ನೀವು ಇಲ್ಲದಾಗ ಚೆನ್ನಾಗೇ ಬರುತ್ತೆ ರೀ" ಅಂದಳು. ಭಾವನಿಗೆ ಆ ಮಾತು ಸರಿಬರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಲ್ಲಿ ಕಹಳೆ ಶುರುವಾಗುತ್ತಿತ್ತು. "ಕೇಳು, ಸಿಕ್ತು ಅಂತ ಊದ್ತಿದ್ದಾನೆ" ಅಂದರು.

ಒಂದು ಸಂಜೆ ಅವರು ಪ್ರಯೋಗ ಮಾಡಲು ಹೊರಟರು. ಬೀರುವಿಗೆ ಬೀಗ ಹಾಕಿ, ಫೋನನ್ನು ದೀಪದ ಹಾಗೆ ಮುಂದೆ ಹಿಡಿದು, ಮನೆಯ ಹೊರಗೆ ಬಂದರು. ಮೇಷ್ಟ್ರ ಬಾಗಿಲಿನ ಹತ್ತಿರ ಹೋಗುತ್ತಿದ್ದಂತೆ ಫೋನಿನ ಮೂಲೆಯಲ್ಲಿ ವೈಫೈ ಗೆರೆಗಳು ಏರಿದವು. ಬಾಗಿಲಿಗೆ ಫೋನು ಒತ್ತಿ ಹಿಡಿದರೆ ಪೂರ್ತಿ ತುಂಬಿ ಬಂತು. ತಮ್ಮ ಮನೆಯಲ್ಲಿ ಟ್ಯಾಬು ಸತ್ತು ಬಿದ್ದಿದೆ, ಇಲ್ಲಿ ತುಂಬಿ ತುಳುಕುತ್ತಿದೆ! ಇನ್ನೇನು ಸಾಕ್ಷಿ ಬೇಕು? ಭಾವ ಇನ್ನಷ್ಟು ಖಾತ್ರಿ ಮಾಡಿಕೊಳ್ಳಲು ಕಿವಿ, ಕೆನ್ನೆ, ಭುಜ ಎಲ್ಲವನ್ನೂ ಬಾಗಿಲಿಗೆ ಒತ್ತಿಕೊಂಡು ನಿಂತಿದ್ದಾಗ ಮೇಷ್ಟ್ರು ಬಾಗಿಲು ತೆಗೆದರು. ಭಾವ ನೆಟ್ಟಗೆ ಒಳಗೆ ಬಂದರು.

"ಏನು ಬೇಕಿತ್ತು?" ಅಂದರು ಮೇಷ್ಟ್ರು.

"ಏನಿಲ್ಲ. ನಿಮ್ಮ ಬಾಗಿಲು ಗಟ್ಟಿ ಇದೆಯಾ ಅಂತ ನೋಡ್ತಿದ್ದೆ."

ಒಂಟಿ ಮನುಷ್ಯನ ಬಾಗಿಲಿನ ಬಗ್ಗೆ ಇಷ್ಟು ಕಾಳಜಿ ತೋರಿಸುವ ನೆರೆಯವರು ಯಾರಿಗೆ ಸಿಗುತ್ತಾರೆ? ಮೇಷ್ಟ್ರಿಗೆ ಮನಸ್ಸು ತುಂಬಿ ಬಂತು. ಭಾವನನ್ನು ಕೈಹಿಡಿದು ಕರೆದೊಯ್ದು ಅಡುಗೆಮನೆಯ ಬಾಗಿಲು, ಹಿಂಬಾಗಿಲು, ಬಚ್ಚಲಿನ ಬಾಗಿಲು ಎಲ್ಲ ಮುಟ್ಟಿಸಿ ತೋರಿಸಿದರು, ಟೀ ಕೊಟ್ಟರು. ಕಪಾಟಿನ ಮೇಲೆ ಒಂದು ರೌಟರ್ ಮಿಣಮಿಣ ಅನ್ನುತ್ತಿತ್ತು. ಮನೆಗೆ ಬಂದ ಭಾವ ಅಕ್ಕನಿಗೆ ವರದಿ ಒಪ್ಪಿಸಿದರು: "ಸ್ವಂತದ್ದು ಒಂದು ಇಟ್ಕೊಂಡಿದ್ದಾನೆ. ಅದು ಬರೀ ತೋರಿಕೆಗೆ. ಬಳಸ್ತಿರೋದೆಲ್ಲ ನಮ್ಮದೇ."

ಮರುದಿನ ರೌಟರ್ ಹೊತ್ತು ಮತ್ತೆ ಅಂಗಡಿಗೆ ಬಂದರು. ಎದುರಿನ ನನ್ನ ಅಂಗಡಿಯಿಂದ ನಾನೂ ಓಡಿ ಹೋದೆ. ಮೀಸೆಯವನು ಸಿಕ್ಕಿಸಿ ನೋಡಿದ, ಒಳ್ಳೆಯ ಕುದುರೆಯ ಹಾಗೆ ಓಡಿತು.

"ಇದಕ್ಕೇನೂ ಆಗಿಲ್ಲ ಸಾರ್. ಮನೇಲಿ ಎಲ್ಲಿ ಇಟ್ಟಿದ್ದೀರಿ?"

ಭಾವನ ಕಣ್ಣು ಸಣ್ಣದಾಯಿತು. "ಅದು ನಿಮಗ್ಯಾಕೆ ಬೇಕು?"

"ಅಲ್ಲ ಸಾರ್, ಸ್ವಲ್ಪ ಎತ್ತರದಲ್ಲಿ, ಬಯಲಾಗಿ ಇಟ್ರೆ..."

"ಬಯಲಾಗಿ" ಅಂದರು ಭಾವ ನನ್ನ ಕಡೆ ತಿರುಗಿ. "ಬಯಲಾಗಿ ಇಡಬೇಕಂತೆ. ಎಲ್ಲರ ಕೈಗೂ ಸಿಗೋ ಹಾಗೆ. ಮೇಷ್ಟ್ರು ಇವನಿಗೆ ಏನಾಗಬೇಕು, ವಿಚಾರಿಸಬೇಕು."

ನಾನೂ ಕೇಳಿದೆ, ಎಲ್ಲಿ ಇಟ್ಟಿದ್ದೀರಿ ಭಾವ ಅಂತ. "ಭದ್ರವಾದ ಜಾಗದಲ್ಲಿದೆ" ಎನ್ನುವುದಕ್ಕಿಂತ ಹೆಚ್ಚಿಗೆ ಒಂದಕ್ಷರ ಬಾಯಿಬಿಡಲಿಲ್ಲ. ಮಾಲು ಎಲ್ಲಿದೆ ಎಂದು ಸ್ಟೋರ್ ಕೀಪರ್ ಭಾಮೈದನಿಗೂ ಹೇಳುವುದಿಲ್ಲ.

ಕ್ಲಾಸಿನ ದಿನ ಬಂತು. ಬೆಳಗ್ಗೆ ಹನ್ನೊಂದಕ್ಕೆ ಶುರು. ಅವತ್ತು ಕಾರ್ಖಾನೆಗೆ ರಜೆ, ಭಾವ ಮನೆಯಲ್ಲೇ ಇದ್ದು ಬೀರುವಿನ ಬೀಗ ತೆಗೆದಿರಲಿಲ್ಲ, ಅದೇ ದುರದೃಷ್ಟ. ರಜೆ ಇಲ್ಲದಿದ್ದರೆ ಬೀರು ತೆರೆದಿರುತ್ತಿತ್ತು, ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಭಾವ ನನ್ನ ಅಂಗಡಿಗೆ ಬಂದು, "ನಡಿ, ಸ್ಟೇಷನ್ನಿಗೆ ಹೋಗೋಣ" ಅಂದರು.

"ಯಾವ ಊರಿಗೆ ಭಾವ?"

"ಊರಿಗಲ್ಲ, ಪೊಲೀಸ್ ಸ್ಟೇಷನ್ನಿಗೆ. ನಿಮ್ಮಕ್ಕ ಕ್ಲಾಸ್ ಮಾಡೋ ಹೊತ್ತಲ್ಲಿ ಆ ಮನುಷ್ಯ ಸುಮ್ನಿರ್ತಾನಾ? ಒಂದು ಗಂಟೆ ಮಟ್ಟಿಗೆ ಅವನ ಬಾಗಿಲಲ್ಲಿ ಒಬ್ಬ ಪೇದೆ ನಿಂತ್ರೆ ಸಾಕು. ನಿಮ್ಮಕ್ಕನ ಕೆಲಸ ಕಣಯ್ಯ ಇದು. ಹುಡುಗಾಟ ಅಲ್ಲ."

ಕೊನೆಯ ಮಾತು ಹೇಳುವಾಗ ಅವರ ದನಿ ಸ್ವಲ್ಪ ಕಂಪಿಸಿತು. ನಗಬೇಕು ಅಂತಿದ್ದವನಿಗೆ ನಗು ಬರಲಿಲ್ಲ. ಈ ಮನುಷ್ಯ ಲೋಕದಲ್ಲಿ ಯಾರನ್ನೂ ನಂಬದಿರಬಹುದು, ಹೆಂಡತಿಗೆ ಆ ಕೆಲಸ ಸಿಗಲಿ ಅಂತ ಅಕ್ಕನಿಗಿಂತ ಹೆಚ್ಚು ಒದ್ದಾಡುತ್ತಿದ್ದವರು ಅವರೇ. ಅಂಗಡಿಗೆ ಬಾಗಿಲು ಎಳೆದು ಜೊತೆಗೆ ಹೊರಟೆ.

ಸ್ಟೇಷನ್ನಿನಲ್ಲಿ ಸಾಹೇಬರು ಪುರುಸೊತ್ತಾಗಿ ಇದ್ದರು, ಅದು ಇನ್ನೊಂದು ದುರದೃಷ್ಟ. ಕೂರಿಸಿ, ಸಾವಕಾಶವಾಗಿ ವಿಚಾರಿಸತೊಡಗಿದರು.

"ಏನು ಕಳುವಾಗಿದೆ?"

"ವೈಫೈ ಸಾರ್."

"ಅಂದ್ರೆ, ಆ ಪೆಟ್ಟಿಗೆಯಾ?"

"ಪೆಟ್ಟಿಗೆ ಇದೆ ಸಾರ್. ಅದರಿಂದ ಬರುತ್ತಲ್ಲ, ಅದು. ಕಣ್ಣಿಗೆ ಕಾಣಲ್ಲ."

"ಯಾರ ಮೇಲೆ ಅನುಮಾನ?"

"ಯಾರ ಮೇಲೆ ಇಲ್ಲ ಅಂತ ಕೇಳಿ ಸಾರ್, ಬೇಗ ಮುಗಿಯುತ್ತೆ."

ಸಾಹೇಬರು ನನ್ನ ಕಡೆ ನೋಡಿ, "ಇವರು ಯಾರು?" ಅಂದರು.

"ನನ್ನ ಭಾಮೈದ. ಇವನ ಮೇಲೆ ಸ್ವಲ್ಪ ಇದೆ. ಆದ್ರೆ ಇವತ್ತು ಬಂದಿರೋದು ಪಕ್ಕದ ಮನೆಯವರ ಮೇಲೆ ಹೇಳೋದಕ್ಕೆ."

ಬಾಗಿಲ ಹತ್ತಿರ ಕೂತಿದ್ದ ಪೇದೆ ನನ್ನನ್ನು ಗುರುತಿಟ್ಟುಕೊಳ್ಳುವ ಹಾಗೆ ಒಮ್ಮೆ ನೋಡಿದ. ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದಕ್ಕೆ ಇನ್ನು ಸ್ವಲ್ಪವೇ ಇತ್ತು.

"ಮಾಲನ್ನ ಎಲ್ಲಿ ಇಟ್ಟಿದ್ರಿ?" ಅಂದರು ಸಾಹೇಬರು. ಯಾರಿಗೂ ಹೇಳದ ಗುಟ್ಟನ್ನು ಭಾವ ಸರ್ಕಾರಕ್ಕೆ ಹೇಳಲೇಬೇಕಾಯಿತು.

"ಬೀರುವಿನಲ್ಲಿ. ಬೀಗ ಹಾಕಿ. ಕೀಲಿ ನನ್ನ ಜೇಬಲ್ಲಿದೆ."

"ಬೀಗ ಒಡೆದಿದ್ದಾರಾ?"

"ಇಲ್ಲ."

"ಬೀಗ ಒಡೆದಿಲ್ಲ, ಪೆಟ್ಟಿಗೆ ಹೋಗಿಲ್ಲ. ಒಳಗಿದ್ದದ್ದು ಹೊರಗೆ ಹೇಗೆ ಹೋಯ್ತು?"

"ಅದನ್ನ ತಾವು ಕಂಡುಹಿಡೀಬೇಕು ಸಾರ್. ಅದಕ್ಕೇ ಬಂದಿದ್ದೀವಿ."

ಸಾಹೇಬರು ಕುರ್ಚಿಗೆ ಒರಗಿದರು. "ಬೀರು ಮರದ್ದಾ, ಕಬ್ಬಿಣದ್ದಾ?"

"ಕಬ್ಬಿಣದ್ದು ಸಾರ್. ಒಳ್ಳೇ ದಪ್ಪ ತಗಡು" ಎಂದು ಭಾವ ಹೆಮ್ಮೆಯಿಂದ ಅಂದರು. ನಾನು ಮತ್ತೆ ಗಡಿಯಾರ ನೋಡಿದೆ. ಸಾಹೇಬರು ಏನೂ ಹೇಳದೆ ಎದ್ದು, ಮೂಲೆಯಲ್ಲಿದ್ದ ಕಬ್ಬಿಣದ ದೊಡ್ಡ ಟ್ರಂಕಿನ ಮುಚ್ಚಳ ಎತ್ತಿದರು. "ನಿಮ್ಮ ಫೋನ್ ಕೊಡಿ ಇಲ್ಲಿ" ಅಂದು ಇಸಿದುಕೊಂಡು, ಅದರೊಳಗೆ ಇಟ್ಟು, ಮುಚ್ಚಳ ಹಾಕಿ, ಮೇಜಿನ ಫೋನಿನಿಂದ ಭಾವನ ನಂಬರಿಗೆ ಕರೆ ಮಾಡಿದರು. ರಿಸೀವರನ್ನು ಭಾವನ ಕಿವಿಗೆ ಹಿಡಿದರು.

"ಏನಂತಾಳೆ ಆಯಮ್ಮ?"

"ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತಾಳೆ ಸಾರ್."

"ನೀವು ಇಲ್ಲೇ ಇದ್ದೀರಲ್ಲ. ಫೋನೂ ಇಲ್ಲೇ ಇದೆ. ಯಾರು ಕದ್ರು?"

ಭಾವ ಟ್ರಂಕನ್ನು ನೋಡಿದರು, ಸಾಹೇಬರನ್ನು ನೋಡಿದರು. ಕೈ ತಾನಾಗಿ ಜೇಬಿನ ಕೀಲಿಯ ಮೇಲೆ ಹೋಯಿತು. ಆಗ ನನ್ನ ಫೋನು ಬಡಿದುಕೊಂಡಿತು. ಅಕ್ಕ.

"ಲೋ, ಅವರು ಎಲ್ಲಿ? ಫೋನ್ ಸಿಗ್ತಾನೇ ಇಲ್ಲ. ನೆಟ್ ಬರ್ತಿಲ್ಲ ಕಣೋ, ಎಲ್ಲರೂ ಸೇರ್ಕೋತಾ ಇದ್ದಾರೆ, ಮೇಡಂ ಬಂದಾಯ್ತು."

"ಅಕ್ಕ, ಬೀರು ಬಾಗಿಲು ತೆಗಿ."

"ಕೀಲಿ ಅವರ ಹತ್ರ ಇದೆ."

"ಅದಕ್ಕೇನಾ ಇಷ್ಟು ದಿನ" ಅಂದಳು ಅಕ್ಕ ಬಹಳ ಮೆಲ್ಲಗೆ, ಮತ್ತು ಫೋನು ಇಟ್ಟುಬಿಟ್ಟಳು. ಅವಳು ಕೂಗಾಡಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಸಾಹೇಬರು ಭಾವನ ಫೋನನ್ನು ಟ್ರಂಕಿನಿಂದ ತೆಗೆದು ಕೈಗಿತ್ತು, "ಕಳ್ಳ ಸಿಕ್ಕಿದ್ದಾನೆ, ನಿಮ್ಮ ಬೀರುವೇ. ಅದರೊಳಗೆ ಸಿಕ್ಕಿಕೊಂಡಿರೋ ರೌಟರನ್ನ ಹೋಗಿ ಬಿಡುಗಡೆ ಮಾಡಿ" ಅಂದರು.

ನಾವು ಓಡಿದೆವು. ಭಾವ ಅಷ್ಟು ಜೋರಾಗಿ ಓಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಕೀಲಿಯನ್ನು ಕೈಯಲ್ಲಿ ಮುಂದೆ ಹಿಡಿದುಕೊಂಡೇ ಓಡುತ್ತಿದ್ದರು. ಜನ ಜಾಗ ಬಿಡುತ್ತಿದ್ದರು. ಮನೆ ತಲುಪಿದಾಗ ಹನ್ನೊಂದು ದಾಟಿ ಬಹಳ ಹೊತ್ತಾಗಿತ್ತು. ಮುಂಬಾಗಿಲು ಹಾರುಹೊಡೆದಿತ್ತು. ಖಾಲಿ ಕುರ್ಚಿಗಳು ಸಾಲಾಗಿ ಕೂತಿದ್ದವು. ಬೀರುವಿನ ಬೀಗ ಹಾಗೆಯೇ ಇತ್ತು. ಅಕ್ಕ ಇರಲಿಲ್ಲ, ಟ್ಯಾಬು ಇರಲಿಲ್ಲ, ಕತ್ತರಿಯೂ ಇರಲಿಲ್ಲ.

ಭಾವ ಕೀಲಿ ಹಿಡಿದುಕೊಂಡು ಹಾಗೇ ನಿಂತರು. ಆಮೇಲೆ ಗೋಡೆಯ ಆಚೆಯಿಂದ ಅಕ್ಕನ ದನಿ ಕೇಳಿಸಿತು.

ಮೇಷ್ಟ್ರ ಮನೆಯ ಬಾಗಿಲು ತೆರೆದೇ ಇತ್ತು. ಊಟದ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿತ್ತು. ಮೇಷ್ಟ್ರು ಬ್ಯಾಂಡಿನಲ್ಲಿ ನೋಡಿಕೊಂಡು ನುಡಿಸಲು ಸ್ವರದ ಹಾಳೆ ಇಡುತ್ತಿದ್ದ ಸ್ಟ್ಯಾಂಡಿನ ಮೇಲೆ ಟ್ಯಾಬು ಕೂತಿತ್ತು. ಅದು ಅಲುಗಾಡದ ಹಾಗೆ ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನಮ್ಮನ್ನು ಕಂಡವರೇ ಹುಬ್ಬು ಏರಿಸಿ ಸುಮ್ಮನಿರಿ ಎಂದು ಸನ್ನೆ ಮಾಡಿದರು. ನಾವು ಹೊಸಿಲಲ್ಲೇ ನಿಂತೆವು.

"ಅವಸರ ಬೇಡ" ಅನ್ನುತ್ತಿದ್ದಳು ಅಕ್ಕ. "ಕತ್ತರಿ ಇಡೋಕೆ ಮುಂಚೆ ಕೈ ಒಂದ್ಸಲ ಹೀಗೆ ಆಡಿಸಿ. ಬಟ್ಟೆ ಎಲ್ಲಿ ಎಳೆಯುತ್ತೆ ಅಂತ ಅದೇ ಹೇಳುತ್ತೆ. ಈಗ ನನ್ನ ಬೆರಳು ಎಲ್ಲಿದೆ? ತೋಳಿನ ಬುಡದಲ್ಲಿ. ಎಲ್ಲರಿಗೂ ಕಾಣ್ತಿದೆಯಾ? ಇಲ್ಲಿ ಕತ್ತರಿಸಿ." ಕತ್ತರಿ ಬಟ್ಟೆಯೊಳಗೆ ಹೋದ ಸದ್ದು ಕೇಳಿಸಿತು. ಒಂದು ಎಳೆಯೂ ಅತ್ತಿತ್ತ ಆಗಲಿಲ್ಲ. ನನ್ನಕ್ಕ ಇಷ್ಟು ಚೆನ್ನಾಗಿ ಮಾತಾಡಬಲ್ಲಳು ಎಂದು ನನಗೆ ಅವತ್ತಿನವರೆಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಭಾವ ಏದುಸಿರನ್ನು ಬಾಯಿಗೆ ಕೈ ಅಡ್ಡ ಹಿಡಿದು ನುಂಗಿಕೊಳ್ಳುತ್ತಿದ್ದರು.

ಕ್ಲಾಸು ಮುಗಿಯಿತು. ಮೇಡಂ ದನಿ ಬಂತು. "ಎಲ್ಲರ ತೋಳೂ ಸರಿಯಾಗಿ ಬಂದಿದೆ. ಇನ್ನೇನು ನೋಡೋದಿದೆ? ಮುಂದಿನ ವಾರದಿಂದ ಈ ಕ್ಲಾಸು ನಿಮ್ಮದೇ." ಅಕ್ಕ ನಮಸ್ಕಾರ ಮಾಡಿ ಟ್ಯಾಬು ಮುಚ್ಚಿದಳು, ಮತ್ತು ಮೇಷ್ಟ್ರ ಕುರ್ಚಿಯಲ್ಲಿ ಕುಸಿದು ಕೂತಳು. ಆಮೇಲೆ ಗಂಡನ ಕಡೆ ನೋಡಿದಳು. ಆ ನೋಟದ ಎದುರು ಭಾವ ಕೀಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಮೇಷ್ಟ್ರು ಮಾತ್ರ ಖುಷಿಯಲ್ಲಿದ್ದರು. "ಬೀರು ಒಡೆಯೋದಕ್ಕೆ ಸುತ್ತಿಗೆ ಕೊಡಿ ಅಂತ ಬಂದ್ರು. ಬೀರು ಯಾಕಮ್ಮ ಒಡೀತೀಯ, ಇಲ್ಲೇ ಕೂತು ಮಾಡು ಅಂದೆ" ಅಂದರು.

ಭಾವ ಒಳಗೆ ಬಂದರು. ನಾಚಿಕೆಯಿಂದ ಮುಖ ಕೆಂಪಾಗಿತ್ತು. ಉಪಕಾರ ಮಾಡಿದವನಿಗೆ ತಾವು ಮಾಡಬಹುದಾದ ಪ್ರತ್ಯುಪಕಾರ ಎಂದರೆ ಎಚ್ಚರಿಕೆ ಹೇಳುವುದೊಂದೇ ಅಂತ ಅವರಿಗೆ ಅನ್ನಿಸಿರಬೇಕು. "ಮೇಷ್ಟ್ರೇ, ನಿಮ್ಮ ಉಪಕಾರ ಮರೆಯಲ್ಲ. ಆದ್ರೆ ಹೀಗೆ ಕೇಳಿದವರಿಗೆಲ್ಲ ಪಾಸ್‌ವರ್ಡ್ ಕೊಡಬೇಡಿ. ಕಾಲ ಸರಿಯಿಲ್ಲ. ಅಕ್ಕಪಕ್ಕದವರನ್ನ ನಂಬೋ ಹಾಗಿಲ್ಲ."

"ನಾನೆಲ್ಲಿ ಕೊಟ್ಟೆ? ನಮ್ಮದಕ್ಕೆ ಪಾಸ್‌ವರ್ಡೇ ಇಲ್ಲ."

ಭಾವ ಮೇಜು ಹಿಡಿದುಕೊಂಡರು. "ಇಲ್ವಾ? ಹಾಗಾದ್ರೆ ಯಾರು ಬೇಕಾದ್ರೂ..."

"ಯಾರೂ ಬರಲ್ಲ. ನೀವೊಬ್ಬರೇ" ಅಂದರು ಮೇಷ್ಟ್ರು ಸಹಜವಾಗಿ. "ನಿಮ್ಮ ಫೋನ್ ದಿನಾ ಸಂಜೆ ನಮ್ಮದನ್ನೇ ಹಿಡಿಯುತ್ತೆ. ಹಳೇ ರೌಟರ್ ಇದ್ದಾಗಿಂದ್ಲೂ. ಯಾವಾಗ್ಲೋ ಒಮ್ಮೆ ಒತ್ತಿರ್ತೀರಿ, ಅದು ಹಾಗೇ ಉಳ್ಕೊಂಡಿದೆ. ನನ್ನ ಫೋನಲ್ಲಿ ಕಾಣುತ್ತಲ್ಲ, ಯಾರು ಬಂದಿದ್ದಾರೆ ಅಂತ. ಏನೋ ಓದ್ಕೋತಾರೆ ಪಾಪ, ಇರಲಿ ಅಂತ ಬಿಟ್ಟಿದ್ದೆ. ನನಗೇನು, ಊದೋದು ಬಿಟ್ರೆ ಬೇರೆ ಕೆಲಸ ಇಲ್ಲ."

ಆ ಬಾಗಿಲಿಗೆ ಫೋನು ಒತ್ತಿ ಹಿಡಿದಾಗ ತುಂಬಿ ತುಳುಕಿದ ಗೆರೆಗಳು ಯಾರವು, ಅಷ್ಟು ದಿನ ಅಷ್ಟು ಅಭಿಪ್ರಾಯಗಳನ್ನು ಓದಿದ್ದು ಯಾರ ಖರ್ಚಿನಲ್ಲಿ ಅನ್ನುವುದು ಭಾವನ ತಲೆಯೊಳಗೆ ಒಂದೊಂದಾಗಿ ಇಳಿಯುವುದನ್ನು ನಾನು ಕಣ್ಣಾರೆ ನೋಡಿದೆ. ಕಳ್ಳತನದ ದೂರು ಕೊಡಲು ಸ್ಟೇಷನ್ನಿಗೆ ಕಳ್ಳನೇ ಹೋಗಿದ್ದ, ಜೊತೆಗೆ ಭಾಮೈದನನ್ನೂ ಕರೆದುಕೊಂಡು. ಅವರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು" ಅಂದರು. ಯಾವ ತಪ್ಪು ಅಂತ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಗೊತ್ತಾಗುವ ಮೊದಲೇ ನಾನು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟೆ.

ಮನೆಗೆ ಬಂದು ಅಕ್ಕ ಉಳಿದ ಬಟ್ಟೆಯ ತುಂಡುಗಳನ್ನು ಮಡಿಸತೊಡಗಿದಳು. ಭಾವ ಬೀರು ತೆರೆದು, ರೌಟರನ್ನು ಎತ್ತಿಕೊಂಡು ಬಂದು, ಹಜಾರದ ಕಪಾಟಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಸ್ವಲ್ಪ ಹೊತ್ತು ಅದರ ಮುಂದೆ ನಿಂತರು. ಹುಟ್ಟುಗುಣ ಒಂದೇ ದಿನದಲ್ಲಿ ಎಲ್ಲಿಗೆ ಹೋಗುತ್ತದೆ? ಮೆಲ್ಲಗೆ ಅಕ್ಕನ ಕಡೆ ತಿರುಗಿದರು.

"ಅಲ್ಲ ಕಣೇ, ಒಂದೇ ಕ್ಲಾಸ್ ನೋಡಿ ತಕ್ಷಣ ಕೆಲಸ ಕೊಟ್ಟುಬಿಟ್ರಲ್ಲ ಆ ಮೇಡಂ. ಇದರ ಹಿಂದೆ ಏನಿರಬಹುದು?"

ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಏನಿಲ್ಲ ರೀ. ನಂಗೆ ಕೆಲಸ ಬರುತ್ತೆ, ಅಷ್ಟೇ."

ಭಾವ ಆ ಮಾತನ್ನು ಅಲ್ಲಾಡಿಸಿ ನೋಡಲಿಲ್ಲ, ಅಂಗೈಯಲ್ಲಿಟ್ಟು ತೂಗಲಿಲ್ಲ, ಯಾರಿಗೂ ಫೋನು ಹಚ್ಚಿ ಕೇಳಲಿಲ್ಲ. ಪಕ್ಕದಲ್ಲಿ ಕೂತು, ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡರು.